ಕೆನರಾ ಎಂಬ ಜಿಲ್ಲೆ

ಮಳೆಗಾಲದ ಒಂದು ಸಂಜೆ ರೇಡಿಯೋ ಹಾಕಿ ಕುಳಿತಿದ್ದೀರೆಂದು ಭಾವಿಸೋಣ. ವಾರ್ತೆಗಳು ಮುಗಿಯುತ್ತಿದ್ದಂತೆ ಹವೆಯ ಮುನ್ಸೂಚನೆ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಭಾರಿ ಮಳೆಯಾಗುವ ಸಂಭವವಿದೆ ಎಂದು ಓದುತ್ತಾರೆ. ಅದೇ ಮೋಡ ಅದೇ ಹೊತ್ತಿನಲ್ಲಿ ಕಾಸರಗೋಡಿನ ಅಡಿಕೆ ತೋಟಗಳ ಮೇಲೂ ಸುರಿಯುತ್ತಿರುತ್ತದೆ. ಆದರೆ ಆ ಮಳೆ ಇನ್ನೊಂದು ರಾಜ್ಯದ ಲೆಕ್ಕಕ್ಕೆ ಸೇರಿದ್ದು. ಸಮುದ್ರದಲ್ಲಿ ಇನ್ನೂ ಮುಂದೆ ಹೋದರೆ ಅಮೀನಿ, ಕಿಲ್ತಾನ್ ಮುಂತಾದ ಸಣ್ಣ ದ್ವೀಪಗಳಿವೆ. ಅಲ್ಲಿ ಬೀಳುವ ಮಳೆ ಕೇಂದ್ರ ಸರಕಾರದ ಲೆಕ್ಕಕ್ಕೆ.

ಇವೆಲ್ಲವೂ ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದವು ಎಂದರೆ ನಿಮ್ಮ ಮನೆಯ ಮಕ್ಕಳು ನಂಬಲಾರರು. ಆ ಜಿಲ್ಲೆಯ ಹೆಸರು ಕೆನರಾ. ಅದು ಹೇಗೆ ಹುಟ್ಟಿತು, ಏಕೆ ಒಡೆಯಿತು, ಒಡೆದಾಗಲೆಲ್ಲ ಅಲ್ಲಿಯ ಗೃಹಸ್ಥನ ಬಾಳಿನಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ. ಭೂಪಟದ ಮೇಲೆ ಗೆರೆ ಎಳೆಯುವುದು ಅರ್ಧ ಗಳಿಗೆಯ ಕೆಲಸ. ಆದರೆ ಆ ಗೆರೆ ಹೊಲದ ಪತ್ರ ಯಾವ ಕಚೇರಿಯಲ್ಲಿರಬೇಕು, ಅರ್ಜಿ ಯಾವ ಭಾಷೆಯಲ್ಲಿರಬೇಕು, ವ್ಯಾಜ್ಯ ಯಾವ ನ್ಯಾಯಾಲಯಕ್ಕೆ ಹೋಗಬೇಕು ಎಂಬುದನ್ನೆಲ್ಲ ಮೂರು ತಲೆಮಾರಿನವರೆಗೆ ನಿರ್ಧರಿಸಿಬಿಡುತ್ತದೆ.

ಮೊದಲು ಹೆಸರಿನ ಮಾತು. ಕೆನರಾ ಎಂಬುದು ಕನ್ನಡ ಎಂಬ ಶಬ್ದವೇ ಪೋರ್ತುಗೀಜರ ಬಾಯಲ್ಲಿ ಹೊರಳಿ ಆದ ರೂಪ. ಅವರು ಬಂದಾಗ ಈ ಕರಾವಳಿ ವಿಜಯನಗರದ ಅಧೀನದಲ್ಲಿತ್ತು. ಮುಂದೆ ಕೆಳದಿಯ ನಾಯಕರದಾಯಿತು. ಆಳುವವರ ಭಾಷೆ ಕನ್ನಡವಾದ್ದರಿಂದ ಇಡೀ ತೀರಕ್ಕೆ ಆ ಹೆಸರು ಬಿದ್ದಿತು. ಆದರೆ ಮನೆಯೊಳಗೆ ಕಿವಿಗೊಟ್ಟರೆ ಕೇಳುವುದು ಒಂದೇ ಮಾತಲ್ಲ. ಕಾರವಾರದಲ್ಲಿ ಕೊಂಕಣಿ, ಕುಂದಾಪುರದಲ್ಲಿ ಅದರದೇ ಧಾಟಿಯ ಕನ್ನಡ, ಉಡುಪಿ ಮಂಗಳೂರುಗಳಲ್ಲಿ ತುಳು, ಬಂದರಿನ ಕಡೆ ಬ್ಯಾರಿ ಮಾತು, ಚಂದ್ರಗಿರಿ ಹೊಳೆ ದಾಟಿದರೆ ಮಲೆಯಾಳ. ಕಚೇರಿಯ ಮಾತು ಮಾತ್ರ ಎಲ್ಲೆಡೆ ಕನ್ನಡ. ಮನೆಯ ಮಾತು ಬೇರೆ, ಕಾಗದದ ಮಾತು ಬೇರೆ ಎಂಬ ಈ ಏರ್ಪಾಡು ಶತಮಾನಗಳ ಕಾಲ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ೧೯೫೬ರ ಪ್ರಸಂಗ ಬಂದಾಗ ಬೇಕಾಗುತ್ತದೆ.

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಕರಾವಳಿ ಕಂಪೆನಿ ಸರಕಾರದ ಪಾಲಿಗೆ ಬಂದಿತು. ಅದಕ್ಕೆ ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರನಾದ ಮನ್ರೋ ಇವನೇ. ಉತ್ತರದಲ್ಲಿ ಸದಾಶಿವಗಡದಿಂದ ದಕ್ಷಿಣದಲ್ಲಿ ನೀಲೇಶ್ವರದವರೆಗೆ ಸಮುದ್ರದಂಚಿನ ಪಟ್ಟಿ; ಘಟ್ಟದ ಮೇಲೆ ಸೋಂದೆ, ಬಿಳಗಿ ಮುಂತಾದ ಸೀಮೆಗಳು; ಎಲ್ಲ ಸೇರಿ ಒಬ್ಬ ಮನುಷ್ಯನ ಕೈಗೆ. ಮಳೆಗಾಲದಲ್ಲಿ ಹೊಳೆ ದಾಟಲು ದೋಣಿಯವನನ್ನು ಕಾದು ಕೂರಬೇಕಾದ ನಾಡು ಇದು. ಮನ್ರೋ ಈ ಮಳೆಗೆ ಬೇಸತ್ತು, ಇಲ್ಲಿಂದ ಯಾವಾಗ ಬಿಡುಗಡೆ ಎಂದು ಕಾಯುತ್ತಿದ್ದ. ಒಂದೂಕಾಲು ವರ್ಷದಲ್ಲಿ ಹೊರಟೂಹೋದ. ಆದರೆ ಅಷ್ಟರಲ್ಲಿ ಅವನು ಮಾಡಿದ ಒಂದು ಕೆಲಸ ಗಮನಿಸತಕ್ಕದ್ದು. ಈ ನಾಡಿನ ಭೂಮಿ ಯಾರದು ಎಂದು ಅವನು ಹಳೆಯ ಲೆಕ್ಕಪತ್ರಗಳನ್ನು ತೆಗೆಸಿ ನೋಡಿದ.

ಆ ಲೆಕ್ಕಪತ್ರ ಎಂತಹದೆಂದು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕನ್ನಡ ನಾಡಿನ ಹಳೆಯ ಶಾನುಭೋಗರು ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಹಲಗೆಯಂತೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಇಂದು ಕಚೇರಿಗಳಲ್ಲಿ ‘ಕಡತ ಮೇಲಕ್ಕೆ ಹೋಗಿದೆ’ ಎನ್ನುವವರು ಈ ಕಪ್ಪು ಬಟ್ಟೆಯ ಹೆಸರನ್ನೇ ಹೇಳುತ್ತಿದ್ದಾರೆ. ಲೆಕ್ಕಗಳ ಪ್ರಕಾರ ಮೂಲ ಕಂದಾಯವನ್ನು ನಿಗದಿ ಮಾಡಿದ್ದು ವಿಜಯನಗರದ ಹರಿಹರನ ಕಾಲದಲ್ಲಿ ಎಂಬ ನಂಬಿಕೆಯಿತ್ತು. ಅದಕ್ಕೆ ‘ರೇಖೆ’ ಎಂದು ಹೆಸರು. ಅದರ ಮೇಲೆ ಆಮೇಲಿನ ಅರಸರು ಹೇರಿದ್ದು ‘ಶಾಮಿಲು’. ಮನ್ರೋ ಕಂಡುಕೊಂಡದ್ದು ಇಷ್ಟು: ಇಲ್ಲಿ ನೆಲ ಅರಸನದಲ್ಲ, ಒಕ್ಕಲಿನವನದು, ಅವನು ಅದನ್ನು ಮಾರಬಲ್ಲ, ಅಡವಿಡಬಲ್ಲ, ಮೂಲಗೇಣಿಗೋ ಚಾಲಗೇಣಿಗೋ ಕೊಡಬಲ್ಲ. ವರ್ಗ, ವರ್ಗದಾರ ಎಂಬ ಮಾತುಗಳು ಆ ಸೀಮೆಯ ಹಿರಿಯರ ಬಾಯಲ್ಲಿ ಬಹುಕಾಲ ಉಳಿದುದು ಇದರಿಂದಲೇ.

ಮನ್ರೋ ಹೋದೊಡನೆ, ೧೮೦೦ರಲ್ಲಿಯೇ, ಇಷ್ಟು ಉದ್ದದ ಸೀಮೆ ಒಬ್ಬನಿಂದ ಆಗದೆಂದು ಉತ್ತರಕ್ಕೆ ರೀಡ್ ಎಂಬವನನ್ನೂ ದಕ್ಷಿಣಕ್ಕೆ ರೇವನ್‌ಷಾ ಎಂಬವನನ್ನೂ ನೇಮಿಸಿದರು. ಮುಂದೆ ಮತ್ತೆ ಒಂದು ಮಾಡಿದರು. ಅಂತೂ ಎರಡಾಗುವ ಜಾತಕ ಈ ಜಿಲ್ಲೆಗೆ ಹುಟ್ಟಿನಿಂದಲೇ ಬಂದಿತ್ತು.

ಗೆರೆಯನ್ನು ಹಿಂದುಮುಂದು ನೋಡದೆ ಸರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. ಘಟ್ಟದ ಬುಡದ ಅಮರಸುಳ್ಯದ ಮಾಗಣೆಗಳನ್ನು ಕಂಪೆನಿ ಸರಕಾರ ೧೮೦೪ರಲ್ಲಿ ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿತ್ತು. ೧೮೩೪ರಲ್ಲಿ ಕೊಡಗನ್ನೇ ನುಂಗಿದಾಗ ಆ ಮಾಗಣೆಗಳನ್ನು ಕೆನರಾಕ್ಕೆ ಮರಳಿ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ರೈತ ಕಂದಾಯವನ್ನು ಬೆಳೆದ ಧಾನ್ಯದಲ್ಲಿ ಸಲ್ಲಿಸಬಹುದಾಗಿತ್ತು. ಮಂಗಳೂರಿನ ಕಲೆಕ್ಟರ ಕೇಳಿದ್ದು ನಗದು ಹಣ. ಹಣ ಎಲ್ಲಿಂದ ತರಬೇಕು? ಸಾಹುಕಾರನ ಬಳಿ, ಅವನು ಹೇಳಿದ ಬಡ್ಡಿಗೆ. ಮೂರು ವರ್ಷ ತುಂಬುವುದರೊಳಗೆ, ೧೮೩೭ರಲ್ಲಿ, ಅಮರಸುಳ್ಯದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದು ಘಟ್ಟದ ಬುಡದಿಂದ ಮಂಗಳೂರಿನ ತನಕ ನಡೆದುಬಂದರು. ಪಟ್ಟಣ ಕೆಲವು ದಿನ ಅವರ ಕೈಯಲ್ಲಿತ್ತು. ಬಾವುಟ ಗುಡ್ಡೆಯ ಹೆಸರನ್ನು ಅವರು ಅಲ್ಲಿ ಹಾರಿಸಿದ ಬಾವುಟಕ್ಕೆ ಜನ ಇಂದೂ ಸೇರಿಸಿ ಹೇಳುತ್ತಾರೆ. ದಂಗೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಗಡಿ ಬದಲಾದ ಸುದ್ದಿ ರೈತನಿಗೆ ಮುಟ್ಟಿದ್ದು ಕಂದಾಯ ಕೊಡುವ ದಿನವೇ ಎಂಬುದು ಮಾತ್ರ ನಿಜ.

ಇನ್ನು ದೊಡ್ಡ ಒಡಕಿಗೆ ಬರೋಣ. ೧೮೬೦ರ ಹೊತ್ತಿಗೆ ಮದರಾಸು ಸರಕಾರ ಕೆನರಾವನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿತು. ಆಗ ಕುಂದಾಪುರ ತಾಲ್ಲೂಕು ಉತ್ತರದ ಪಾಲಿಗಿತ್ತು. ಎರಡೂ ಮದರಾಸಿನಲ್ಲೇ ಇದ್ದುದರಿಂದ ಜನಕ್ಕೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ೧೮೬೨ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಕುಂದಾಪುರವನ್ನು ಮಾತ್ರ ಹಿಂದಕ್ಕೆ ದಕ್ಷಿಣಕ್ಕೆ ಸೇರಿಸಿದರು.

ಇದಕ್ಕೆ ಕಾರಣ ಭಾಷೆಯಲ್ಲ, ಜನರ ಬೇಡಿಕೆಯೂ ಅಲ್ಲ, ಹತ್ತಿ. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ನಿಂತುಹೋಯಿತು. ಮ್ಯಾಂಚೆಸ್ಟರಿನ ಮಾಲೀಕರ ಕಣ್ಣು ಅದಕ್ಕೂ ಮೊದಲೇ ಧಾರವಾಡದ ಕರಿ ನೆಲದ ಮೇಲೆ ಬಿದ್ದಿತ್ತು. ಧಾರವಾಡದ ಹತ್ತಿ ಸಮುದ್ರಕ್ಕೆ ಇಳಿಯಲು ಹತ್ತಿರದ ಒಳ್ಳೆಯ ಬಂದರು ಕಾರವಾರ ಸದಾಶಿವಗಡಗಳ ಕೊಲ್ಲಿ. ಆದರೆ ಧಾರವಾಡ ಮುಂಬಯಿ ಸರಕಾರದ್ದು, ಬಂದರು ಮದರಾಸಿನದು. ಘಟ್ಟದ ದಾರಿ ಮಾಡುವವರು ಯಾರು, ಬಂದರು ಕಟ್ಟುವವರು ಯಾರು, ದುಡ್ಡು ಯಾರದು ಎಂದು ಕಾಗದಗಳು ಓಡಾಡಿದವು. ಹತ್ತಿಯೂ ಬಂದರೂ ಒಂದೇ ಸರಕಾರದ ಕೈಯಲ್ಲಿರಲಿ ಎಂದು ಜಿಲ್ಲೆಯನ್ನೇ ವರ್ಗ ಮಾಡಿಬಿಟ್ಟರು. ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಗಿ ಬೆಳೆಯಿತು. ಅಮೆರಿಕದ ಯುದ್ಧವೇನೋ ೧೮೬೫ರಲ್ಲಿ ನಿಂತಿತು. ಹತ್ತಿಯ ಆ ಭರಾಟೆಯೂ ಇಳಿಯಿತು. ಗೆರೆ ಮಾತ್ರ ಹಾಗೆಯೇ ಉಳಿಯಿತು.

ಆ ಗೆರೆ ಹಾದುಹೋದುದು ಭಟ್ಕಳಕ್ಕೂ ಶಿರೂರಿಗೂ ನಡುವೆ. ಅಲ್ಲಿ ನಿಂತು ನೋಡಿದರೆ ಎರಡೂ ಕಡೆ ಒಂದೇ ಗದ್ದೆ, ಒಂದೇ ತೆಂಗು, ಒಂದೇ ಬಲೆ. ಆದರೆ ೧೮೬೨ರಿಂದ ೧೯೫೬ರವರೆಗೆ, ತೊಂಬತ್ತನಾಲ್ಕು ವರ್ಷ, ಅದು ಎರಡು ಸರಕಾರಗಳ ಗಡಿ. ದಕ್ಷಿಣದವನು ತಹಶೀಲ್ದಾರನಿಗೆ ಕೈಮುಗಿದರೆ ಉತ್ತರದವನು ಮಾಮಲೇದಾರನಿಗೆ. ದಕ್ಷಿಣದವನು ಅಡಂಗಲಿನ ನಕಲು ತರಲು ಹೊರಟರೆ ಉತ್ತರದವನು ಪಹಣಿಯ ಉತಾರ ತರಲು ಹೊರಡುತ್ತಿದ್ದ. ಇಲ್ಲಿ ಶಾನುಭೋಗ, ಅಲ್ಲಿ ತಲಾಠಿ. ದೊಡ್ಡ ವ್ಯಾಜ್ಯವಾದರೆ ಕುಂದಾಪುರದವನು ಮದರಾಸಿನ ಹೈಕೋರ್ಟಿಗೂ ಹೊನ್ನಾವರದವನು ಮುಂಬಯಿ ಹೈಕೋರ್ಟಿಗೂ ಹೋಗಬೇಕು. ಬುದ್ಧಿವಂತ ಹುಡುಗ ಮಂಗಳೂರಿನವನಾದರೆ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರುತ್ತಿದ್ದ. ಕುಮಟೆಯವನಾದರೆ ಮುಂಬಯಿಯ ಪರೀಕ್ಷೆಗೆ. ಹೀಗೆ ಅಕ್ಕಪಕ್ಕದ ಊರುಗಳ ಎರಡು ತಲೆಮಾರಿನ ವಕೀಲರು, ಅಧ್ಯಾಪಕರು ಪರಸ್ಪರ ಪರಿಚಯವೇ ಇಲ್ಲದೆ ಬೆಳೆದರು. ಮಂಗಳೂರಿಗೆ ೧೯೦೭ರಲ್ಲಿ ರೈಲು ಬಂದಿತಷ್ಟೆ. ಅದು ಬಂದುದು ದಕ್ಷಿಣದಿಂದ, ಮಲಬಾರಿನ ದಾರಿಯಾಗಿ, ಮದರಾಸಿನ ಕಡೆಯಿಂದ. ಮಂಗಳೂರಿನಿಂದ ಉತ್ತರಕ್ಕೆ ಉಡುಪಿ, ಭಟ್ಕಳ, ಕಾರವಾರಗಳ ಮೂಲಕ ಮುಂಬಯಿಯವರೆಗೆ ಹಳಿ ಕೂಡಿದ್ದು ೧೯೯೮ರಲ್ಲಿ, ಕೊಂಕಣ ರೈಲ್ವೆ ಪೂರ್ತಿಯಾದಾಗ.

ಇನ್ನೊಂದು ವ್ಯತ್ಯಾಸ ತೋಟದ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು. ಸೊಪ್ಪಿಗೆ ಪಕ್ಕದ ಗುಡ್ಡ ಬೇಕು. ಗುಡ್ಡ ಸರಕಾರದ್ದು, ಆದರೆ ಸೊಪ್ಪು ಸೌದೆಗಳ ಹಕ್ಕು ತೋಟದವನದು ಎಂಬ ಪದ್ಧತಿ ಎರಡೂ ಕಡೆ ಇತ್ತು. ಮದರಾಸಿನ ಆಡಳಿತದಲ್ಲಿ ಇದಕ್ಕೆ ಕುಮ್ಕಿ ಎಂದು ಹೆಸರಾಯಿತು. ಮುಂಬಯಿಯ ಆಡಳಿತದಲ್ಲಿ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಡೆ ಇದೇ ಸೊಪ್ಪಿನ ಬೆಟ್ಟವಾಯಿತು. ಒಂದೇ ಅಗತ್ಯ, ಎರಡು ಹೆಸರು, ಎರಡು ಕಾನೂನು. ೧೯೬೪ರ ಭೂಕಂದಾಯ ಶಾಸನ ರಾಜ್ಯಕ್ಕೆಲ್ಲ ಒಂದೇ ಕಾನೂನನ್ನು ತಂದ ಮೇಲೂ ಇವುಗಳನ್ನು ಹಳೆಯ ಹೆಸರುಗಳಿಂದಲೇ ಉಳಿಸಿಕೊಳ್ಳಬೇಕಾಯಿತು. ಗೆರೆ ಅಳಿದರೂ ಅದರ ಗುರುತು ಗುಡ್ಡದ ಮೇಲೆ ಉಳಿಯಿತೆನ್ನೋಣ.

ದ್ವೀಪಗಳ ವಿಷಯ ಸ್ವಲ್ಪದರಲ್ಲಿ ಹೇಳಿ ಮುಗಿಸುತ್ತೇನೆ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಇವು ಅಮೀನಿದೀವಿ ಗುಂಪಿನವು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು ಅಲ್ಲಿಯವರು ಟಿಪ್ಪುವಿನ ಆಶ್ರಯಕ್ಕೆ ಬಂದಿದ್ದರು. ಟಿಪ್ಪುವಿನ ಆಸ್ತಿಯೆಂಬ ಲೆಕ್ಕದಲ್ಲಿಯೇ ೧೭೯೯ರಲ್ಲಿ ಅವು ಕೆನರಾಕ್ಕೆ ಸೇರಿದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಡಗಿನಲ್ಲಿ ಹೇರಿಕೊಂಡು ಮಂಗಳೂರಿಗೆ ಬರುವರು; ಸರಕಾರ ಹುರಿ ತೆಗೆದುಕೊಂಡು ಅಕ್ಕಿ ಕೊಡುವುದು. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು. ಹೀಗೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಮಂಗಳೂರಿನ ಕಲೆಕ್ಟರ ನಡುಗಡಲಿನ ದ್ವೀಪಗಳಿಗೂ ಕಲೆಕ್ಟರನೇ. ೧೯೫೬ರ ನವೆಂಬರ್ ಒಂದರಂದು ಅವು ಮಲಬಾರಿನ ಕಡೆಯ ದ್ವೀಪಗಳೊಡನೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ೧೯೭೩ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು.

ಅದೇ ೧೯೫೬ರ ನವೆಂಬರ್ ಒಂದು ಕೆನರಾದ ಎರಡು ತುಂಡುಗಳನ್ನು ಮತ್ತೆ ಒಂದು ರಾಜ್ಯದಲ್ಲಿ ಕೂಡಿಸಿತು. ಮುಂಬಯಿಯಿಂದ ಉತ್ತರ ಕೆನರಾ, ಮದರಾಸಿನಿಂದ ದಕ್ಷಿಣ ಕೆನರಾ, ಎರಡೂ ವಿಶಾಲ ಮೈಸೂರಿಗೆ ಬಂದವು. ನಾಡೆಲ್ಲ ಹಬ್ಬ ಮಾಡಿತು. ಆದರೆ ಆ ದಿನ ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ಹಬ್ಬವಿರಲಿಲ್ಲ. ಕಾಸರಗೋಡು ತಾಲ್ಲೂಕನ್ನು ಇಡಿಯಾಗಿ ಕೇರಳಕ್ಕೆ ಕೊಟ್ಟಿದ್ದರು.

ಇದು ಹೇಗಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ತಿಳಿಯಬೇಕು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ ೧೯೫೫ರಲ್ಲಿ ವರದಿ ಕೊಟ್ಟಿತು. ಕಾಸರಗೋಡಿನ ವಿಷಯದಲ್ಲಿ ಅದು ಎಣಿಸಿದ್ದು ತಾಲ್ಲೂಕನ್ನು ಒಂದು ಘಟಕವಾಗಿಟ್ಟುಕೊಂಡು. ಹಾಗೆ ಎಣಿಸಿದರೆ ಮಲೆಯಾಳ ಮಾತನಾಡುವವರೇ ಹೆಚ್ಚು, ಸಂಶಯವಿಲ್ಲ. ಆದರೆ ಆ ತಾಲ್ಲೂಕಿನ ನಡುವೆ ಪಯಸ್ವಿನಿ ಚಂದ್ರಗಿರಿ ಹೊಳೆ ಹರಿಯುತ್ತದೆ. ಹೊಳೆಯ ತೆಂಕು ದಡದ ಹೊಸದುರ್ಗ, ನೀಲೇಶ್ವರಗಳು ಮಲೆಯಾಳದ ಸೀಮೆ ಎಂಬುದನ್ನು ಕನ್ನಡಿಗರೂ ಒಪ್ಪುತ್ತಿದ್ದರು. ಬಡಗು ದಡದ ಕುಂಬಳೆ, ಮಂಜೇಶ್ವರ, ಬದಿಯಡ್ಕಗಳ ರೀತಿ ಬೇರೆ. ಅಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಹವ್ಯಕರ ಕನ್ನಡ, ಮಲೆಯಾಳ ಎಲ್ಲವೂ ಇದ್ದು, ಶಾಲೆ, ಯಕ್ಷಗಾನ, ದಸ್ತಾವೇಜುಗಳ ಮಾತು ಕನ್ನಡವಾಗಿತ್ತು. ತುಳುವಿನವನನ್ನು ಯಾವ ಲೆಕ್ಕಕ್ಕೆ ಬರೆಯುವುದು? ಮನೆಯ ಮಾತೋ ಕಾಗದದ ಮಾತೋ? ಎಣಿಕೆಯ ಘಟಕ ತಾಲ್ಲೂಕೋ, ಹೊಳೆಯ ಒಂದು ದಡವೋ, ಒಂದು ಗ್ರಾಮವೋ? ಉತ್ತರ ಬದಲಾಯಿಸಬೇಕಾದರೆ ಜನರನ್ನು ಬದಲಾಯಿಸಬೇಕಾಗಿಲ್ಲ, ಎಣಿಸುವ ಬುಟ್ಟಿಯನ್ನು ಬದಲಾಯಿಸಿದರೆ ಸಾಕು. ಹೊಳೆಯನ್ನು ಎಣಿಸದೆ ತಾಲ್ಲೂಕನ್ನು ಎಣಿಸಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ತಾಲ್ಲೂಕು ಎಂಬುದು ಕಂದಾಯ ಎತ್ತುವ ಅನುಕೂಲಕ್ಕೆ ಸರಕಾರ ಮಾಡಿಕೊಂಡ ಗಂಟು. ಅದರೊಳಗಿನವರೆಲ್ಲ ಒಂದೇ ಮಾತಿನವರೆಂದು ಅದು ಎಂದೂ ಹೇಳಿರಲಿಲ್ಲ.

ಮಂಜೇಶ್ವರದಲ್ಲಿ ಬಾಳಿದ ರಾಷ್ಟ್ರಕವಿ ಗೋವಿಂದ ಪೈಗಳು ೧೯೬೩ರಲ್ಲಿ ತೀರಿಕೊಂಡಾಗ ಅವರ ಊರು ಕೇರಳದಲ್ಲಿತ್ತು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ವಿಲೀನದ ಹೋರಾಟವನ್ನು ತಮ್ಮ ಬಾಳಿನ ಕೊನೆಯವರೆಗೂ ಬಿಡಲಿಲ್ಲ. ಅವರು ನೂರು ವರ್ಷ ಬದುಕಿ ೧೯೧೫ರಿಂದ ೨೦೧೫ರವರೆಗಿನ ಎಲ್ಲ ಗೆರೆಗಳನ್ನೂ ಕಂಡರು. ನಡುವೆ ಒಮ್ಮೆ ಆಸೆ ಚಿಗುರಿತ್ತು. ಮಹಾರಾಷ್ಟ್ರದ ಒತ್ತಾಯದಿಂದ ೧೯೬೬ರಲ್ಲಿ ನೇಮಕವಾದ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಆಯೋಗ ಬೆಳಗಾವಿಯ ಜೊತೆಗೆ ಕಾಸರಗೋಡನ್ನೂ ವಿಚಾರಿಸಿ, ೧೯೬೭ರಲ್ಲಿ ಚಂದ್ರಗಿರಿಯ ಬಡಗಿನ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಆ ವರದಿ ಜಾರಿಗೆ ಬರಲಿಲ್ಲ. ಕಾರವಾರ, ಹಳಿಯಾಳ, ಸೂಪಾಗಳೂ ತನಗೆ ಬೇಕೆಂಬ ವಾದವನ್ನು ಮಹಾರಾಷ್ಟ್ರ ೨೦೦೪ರಲ್ಲಿ ಸುಪ್ರೀಂ ಕೋರ್ಟಿಗೂ ಒಯ್ದಿತು. ಹೀಗೆ ಕೆನರಾದ ಎರಡು ತುದಿಗಳಲ್ಲಿ ಎರಡು ರಾಜ್ಯಗಳೊಡನೆ ವಾದ.

ಕೇರಳಕ್ಕೆ ಸೇರಿದ ಕಾಸರಗೋಡು ಮೊದಲು ಮಲಬಾರ್ ಜಿಲ್ಲೆ, ೧೯೫೭ರ ಜನವರಿಯಿಂದ ಕಣ್ಣಾನೂರು ಜಿಲ್ಲೆ, ೧೯೮೪ರ ಮೇ ೨೪ರಿಂದ ತಾನೇ ಒಂದು ಜಿಲ್ಲೆ. ಮಂಜೇಶ್ವರದ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದು ಮುದಿಯಾದವನು ಕಾಗದದ ಮೇಲೆ ನಾಲ್ಕು ಜಿಲ್ಲೆಯವನಾದನು.

ಇತ್ತ ಕರ್ನಾಟಕದಲ್ಲಿ ಕೆನರಾ ಹೋಗಿ ಕನ್ನಡ ಬಂತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ಹೆಸರು ತಿದ್ದಿದರು. ಪೋರ್ತುಗೀಜರು ಕೊಂಡೊಯ್ದ ಶಬ್ದವನ್ನು ಮರಳಿ ತಂದಂತಾಯಿತು. ಆದರೂ ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಹುಟ್ಟುಹಾಕಿದ ಕೆನರಾ ಬ್ಯಾಂಕಿನಲ್ಲಿ, ದಿನಕರ ದೇಸಾಯಿಯವರು ಅಂಕೋಲೆಯ ಕಡೆ ಶಾಲೆಗಳಿಗಾಗಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನಲ್ಲಿ ಹಳೆಯ ಹೆಸರು ಬದುಕಿಕೊಂಡಿದೆ. ಒಂದು ತೆಂಕಿನದು, ಒಂದು ಬಡಗಿನದು.

ಕೊನೆಯ ಹೋಳು ೧೯೯೭ರ ಆಗಸ್ಟ್ ೨೫ರದು. ಅಂದು ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳು ಸೇರಿ ಉಡುಪಿ ಜಿಲ್ಲೆಯಾಯಿತು. ಇದರಲ್ಲಿ ಭಾಷೆಯ ಜಗಳವಿರಲಿಲ್ಲ, ಹತ್ತಿಯ ವ್ಯಾಪಾರವಿರಲಿಲ್ಲ. ಬೈಂದೂರಿನ ರೈತ ಒಂದು ಮೊಹರಿಗಾಗಿ ನೂರು ಕಿಲೋಮೀಟರಿಗೂ ಮಿಕ್ಕ ದಾರಿ ಮಂಗಳೂರಿಗೆ ಬಂದು, ‘ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ’ ಎಂಬ ಮಾತು ಕೇಳಿ ಹಿಂದಿರುಗುವ ಕಷ್ಟವನ್ನು ತಪ್ಪಿಸುವುದೇ ಇಲ್ಲಿಯ ಉದ್ದೇಶ. ಎಲ್ಲ ಗೆರೆಗಳಲ್ಲಿ ಜನರ ಕಾಲುನಡಿಗೆಯನ್ನು ಎಣಿಸಿ ಎಳೆದ ಗೆರೆ ಇದೊಂದೇ ಎಂದರೆ ತಪ್ಪಾಗಲಾರದು. ಹತ್ತು ಸಾವಿರ ಚದರ ಕಿಲೋಮೀಟರನ್ನು ಮೀರಿದ ಉತ್ತರ ಕನ್ನಡ ಮಾತ್ರ ಒಡೆಯದೆ ಉಳಿದಿದೆ. ಅದರ ಮುಖ್ಯಸ್ಥಳ ಕಾರವಾರ ಒಂದು ಮೂಲೆಯಲ್ಲಿರುವುದರಿಂದ ಘಟ್ಟದ ಮೇಲಿನವರು ಶಿರಸಿಯನ್ನು ಜಿಲ್ಲೆ ಮಾಡಿರೆಂದು ಕೇಳುತ್ತ ಬಂದಿದ್ದಾರೆ.

ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಕರಾವಳಿಯ ಹಳೆಯ ಪತ್ರವೇನಾದರೂ ಇದ್ದರೆ ಒಮ್ಮೆ ತೆಗೆದು ನೋಡಿ. ಮೊದಲು ಇಸವಿಯನ್ನು ನೋಡಿ, ಆಮೇಲೆ ಜಿಲ್ಲೆಯ ಹೆಸರನ್ನು. ೧೮೬೦ಕ್ಕೆ ಹಿಂದಿನದಾದರೆ ಬರಿಯ ಕೆನರಾ ಇರಬೇಕು. ಕುಂದಾಪುರದ ಪತ್ರವಾಗಿದ್ದು ಅದರಲ್ಲಿ ಉತ್ತರ ಕೆನರಾ ಎಂದಿದ್ದರೆ ಬರೆದವನು ತಪ್ಪಿದನೆಂದುಕೊಳ್ಳಬೇಡಿ. ಅದು ಆ ಒಂದೆರಡು ವರ್ಷಗಳದು. ಕಾಸರಗೋಡಿನ ಪತ್ರವಾದರೆ, ೧೯೫೬ಕ್ಕೆ ಹಿಂದಿನದು ಕನ್ನಡದಲ್ಲಿರುತ್ತದೆ. ಅದರಲ್ಲಿ ಬರೆದ ಗದ್ದೆ, ಬೈಲು, ತೋಡು, ಚಕ್ಕುಬಂದಿ ಎಲ್ಲ ಇಂದಿಗೂ ಅಲ್ಲಿಯೇ ಇವೆ. ಅದನ್ನು ಓದಿ ಹೇಳಲು ಕನ್ನಡ ಬಲ್ಲ ಗುಮಾಸ್ತನೊಬ್ಬ ಅಲ್ಲಿಯ ಕಚೇರಿಯಲ್ಲಿ ಇರಬೇಕೆಂಬುದೇ ಗಡಿನಾಡಿನ ಕನ್ನಡಿಗರು ಇಷ್ಟು ವರ್ಷಗಳಿಂದ ಕೇಳುತ್ತಿರುವುದರಲ್ಲಿ ಒಂದು.